ಎರಡನೇ ಟಕ್

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುವೆ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಹೋಗಿ ಮಲಗ್ತೀನಿ, ಅಷ್ಟೇ. ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ, ನಾನು ಅಕ್ಕ ಅಂತ ಕರೀತೀನಲ್ಲ, ಅವಳಿಗೇ ಆಗಿದ್ದು. ಅವಳು ಸುಳ್ಳು ಹೇಳೋ ಪೈಕಿ ಅಲ್ಲ. ಅನುಮಾನದ ಪೈಕಿ, ಅದು ಬೇರೆ ಮಾತು. ತರಕಾರಿಯವನು ತಕ್ಕಡಿ ಎತ್ತಿದ್ರೆ ಇವಳು ಬಗ್ಗಿ ತಟ್ಟೆಯ ತಳ ನೋಡ್ತಾಳೆ. ಗಂಡ ತಡವಾಗಿ ಬಂದ್ರೆ ಯಾಕೆ ಅಂತಾಳೆ, ಬೇಗ ಬಂದ್ರೂ ಯಾಕೆ ಅಂತಾಳೆ.

ಆ ರಾತ್ರಿ ಅಕ್ಕ ಬಾವಿ ದಾಟಿ ವಾಪಸ್ ಬರ್ತಿದ್ದಳು. ಅವಳ ಬೆನ್ನ ಹಿಂದೆ ಒಂದು ಬೀದಿಯಷ್ಟು ಜನ, ಒಬ್ಬರ ಹಿಂದೆ ಒಬ್ಬರು. ಟಾರ್ಚು ಇಲ್ಲ, ಮಾತಿಲ್ಲ. ಕಾಲಡಿ ಒಣಗಿದ ಜೊಂಡು ಚರ್… ಚರ್… ಅಂತಿತ್ತು. ಎಡಗಡೆ ಜೌಗಿನಲ್ಲಿ ಕಪ್ಪೆಗಳು.

ಅಕ್ಕ ಪಕ್ಷಿಧಾಮದಲ್ಲಿ ಗೈಡು. ಚಳಿ ಶುರುವಾದಾಗ ಹಕ್ಕಿಗಳು ಬರ್ತವೆ, ಬಿಸಿಲು ಏರ್ತಿದ್ದ ಹಾಗೆ ಹೊರಡ್ತವೆ. ಅವು ಇರೋವರೆಗೆ ಅಕ್ಕನಿಗೂ ಪುರುಸೊತ್ತಿಲ್ಲ. ಹಗಲು ಶಾಲೆ ಮಕ್ಕಳು, ಭಾನುವಾರ ಕ್ಯಾಮೆರಾದವರು, ಆಗಾಗ ಹೊರಗಿನವರಿಗೆ ರಾತ್ರಿ ನಡಿಗೆ. ಸೀಸನ್ ಮುಗಿಯೋ ಮುಂಚೆ ಒಂದು ರಾತ್ರಿ ಸುತ್ತಲಿನ ಬೀದಿಗಳ ಜನರನ್ನೇ ಕರೆದು, ಕೆರೆ ಏರಿ ಮೇಲೆ ನಡೆಸಿಕೊಂಡು ಹೋಗಿ, ಅಟ್ಟಣಿಗೆ ಕೆಳಗೆ ಕೂರಿಸಿ, ಹಕ್ಕಿಗಳು ಮಲಗೋ ಸದ್ದು ಕೇಳಿಸ್ತಾರೆ. ಬರೋವಾಗ ಜೌಗಿನ ಅಂಚಿನ ಹಳೇ ಬಾವಿ ದಾರಿ.

ಕತ್ತಲಲ್ಲಿ ಹೆಸರು ಹಿಡಿದು ಕೂಗಿದ್ರೆ ಹಕ್ಕಿಗಳು ಬೆದರಿ ಏಳ್ತವೆ. ಅದಕ್ಕೆ ಅವರದ್ದೇ ಒಂದು ಕ್ರಮ ಇದೆ. ಮುಂದೆ ಗೈಡು, ಕಟ್ಟಕಡೆಗೆ ಒಬ್ಬ ಕಾವಲಿನವನು. ಅವನನ್ನ ‘ಬಾಲ’ ಅಂತಾರೆ. ಗೈಡು ನಾಲಿಗೆಯನ್ನ ಅಂಗುಳಕ್ಕೆ ಒತ್ತಿ ಟಕ್ ಟಕ್ ಅನ್ನಬೇಕು. ಬಾಲ ಒಂದು ಟಕ್ ಅಂದ್ರೆ, ನನ್ನ ಮುಂದೆ ಇನ್ನೂ ಜನ ಇದ್ದಾರೆ ಅಂತ ಅರ್ಥ. ಎರಡು ಅಂದ್ರೆ, ಎಲ್ಲರೂ ಹೊರಗೆ ಹೋದರು, ಇನ್ನು ಗೇಟು ಹಾಕಬಹುದು. ಎಲ್ಲರೂ ಆಚೆ ಆಗೋ ತನಕ ಬಾಲ ಗೇಟು ದಾಟೋ ಹಾಗಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮತ್ತೆ ಹೇಳಲ್ಲ.

ತುಂಬಾ ವರ್ಷ ಬಾಲ ಆಗಿದ್ದವನು ಒಬ್ಬ ಮುದುಕ ಕಾವಲುಗಾರ. ಅವನ ನಿಜವಾದ ಹೆಸರು ಎಲ್ಲರಿಗೂ ಮರೆತೇ ಹೋಗಿತ್ತು, ಬಾಲಣ್ಣ ಅಂತಲೇ ಕರೀತಿದ್ರು. ಅವನದು ಟಕ್ ಅಲ್ಲ… ಟ್ಳಕ್. ಹಳೇ ಮರದ ಅಗುಳಿ ಬಿದ್ದ ಹಾಗೆ, ಸ್ವಲ್ಪ ಒದ್ದೆ ಸದ್ದು. “ನನ್ನ ಹಿಂದೆ ಕತ್ತಲು ಬಿಟ್ರೆ ಯಾರೂ ಇರಬಾರದು ಕಣಮ್ಮ,” ಅಂತಿದ್ದ. ಆ ಸೀಸನ್‌ಗೆ ಮುಂಚಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಆ ಕೆಲಸ ಅಕ್ಕನ ಮೈದುನನಿಗೆ ಬಂತು.

ಮೈದುನ ಅಂದ್ರೆ ಗಂಡನ ತಮ್ಮ, ಒಂದೇ ಮನೆ. ಬಾಯಿ ಜೋರು, ಮೈ ಬಗ್ಗಲ್ಲ. ಬಾಲಣ್ಣನ ಥರಾನೇ ಟ್ಳಕ್ ಅಂತ ಅಣಕಿಸಿ ಗಾರ್ಡುಗಳನ್ನ ನಗಿಸ್ತಿದ್ದ. ಆ ಸೀಸನ್ ಪೂರ್ತಿ ಅಕ್ಕನಿಗೆ ಅವನ ಮೇಲೆ ಅನುಮಾನ. ನಡಿಗೆಯ ನಡುವೆ ಇವನು ಬಾಲ ಬಿಟ್ಟು ಎಲ್ಲೋ ತಪ್ಪಿಸಿಕೊಳ್ತಾನೆ ಅಂತ. ಆದ್ರೆ ಹಿಡಿಯೋದು ಹೇಗೆ? ಅವಳು ಟಕ್ ಟಕ್ ಅಂದಾಗಲೆಲ್ಲ ಹಿಂದಿನಿಂದ ಉತ್ತರ ಬಂದೇ ಬರ್ತಿತ್ತು. ಅದೂ ಬಾಲಣ್ಣನ ದನೀಲಿ. ಸತ್ತವನನ್ನೂ ಬಿಡಲ್ವಲ್ಲ ಅಂತ ಅವಳಿಗೆ ಮೈ ಉರೀತಿತ್ತು.

ಇನ್ನೊಂದಿದೆ. ಪಕ್ಷಿಧಾಮದ ಸಾಹೇಬರು ಹೇಳಿದ್ದರು, ಮುಂದಿನ ಸೀಸನ್‌ಗೆ ಒಬ್ಬರನ್ನ ಕಾಯಂ ಗೈಡ್ ಮಾಡ್ತೀವಿ, ಆದ್ರೆ ನಡಿಗೇಲಿ ಒಂದು ಜೀವಕ್ಕೆ ಏನಾದ್ರೂ ಆಯ್ತೋ, ರಾತ್ರಿ ನಡಿಗೆಯೂ ಇಲ್ಲ, ಗೈಡೂ ಇಲ್ಲ. ಅಕ್ಕನಿಗೆ ಆ ಕೆಲಸ ಬೇಕಿತ್ತು. ಅತ್ತೆಗೆ ಅದು ಚಿಕ್ಕ ಮಗನಿಗೆ ಸಿಗಲಿ ಅಂತ ಆಸೆ. “ರಾತ್ರಿ ಹೊತ್ತು ಕಾಡಲ್ಲಿ ಮುಂದೆ ನಡೆಯೋಕೆ ಮನೇಲಿ ಗಂಡಸರಿಲ್ವಾ?” ಅಂತ ಮುಸುರೆ ತಿಕ್ಕುತ್ತಾ ಪಾತ್ರೆಗಳಿಗೆ ಕೇಳ್ತಿದ್ದರು.

ಅವತ್ತು ರಾತ್ರಿ ಸಾಹೇಬರೂ ಗೇಟಿಗೆ ಬರೋರಿದ್ದರು. ಮಧ್ಯಾಹ್ನ ಅಕ್ಕ ಅಡುಗೆಮನೆ ಬಾಗಿಲಿಗೆ ಬಂದಾಗ ಒಳಗೆ ಪಿಸುಪಿಸು.

“ಅವಳಿಗೆ ಹೇಳಬೇಡ…”

“ಅಮ್ಮಾ, ಬೇಡಮ್ಮ…”

“ಸುಮ್ನಿರೋ. ಇವತ್ತು ನಾನೇ ಬಂದು ನೋಡ್ಕೋತೀನಿ.”

ಅಕ್ಕನ ಬಳೆ ಸದ್ದಾಯ್ತು. ಅತ್ತೆ ಖಾಲಿ ಪಾತ್ರೆಗೆ ಸೌಟು ಹಾಕಿ ತಿರುಗಿಸ್ತಾ ನಿಂತಿದ್ದರು. ಅಕ್ಕ ಲೆಕ್ಕ ಹಾಕಿದಳು. ತಾಯಿ ಮಗ ಸೇರಿ ಏನೋ ಹೂಡಿದ್ದಾರೆ… ಇವತ್ತೇ, ಸಾಹೇಬರ ಎದುರಿಗೇ.

ಯಾವತ್ತೂ ಪಕ್ಷಿಧಾಮದ ಕಡೆ ತಲೆ ಹಾಕದ ಅತ್ತೆ ಆ ಸಂಜೆ ಶಾಲು ಹೊದ್ದು, ಪಕ್ಕದ ಮನೆಯ ಹೆಂಗಸರ ಜೊತೆ ಗೇಟಿಗೆ ಬಂದೇಬಿಟ್ಟರು. ಅಕ್ಕ ಎಲ್ಲರಿಗೂ ಟಕ್ ಅನ್ನೋದು ಹೇಗೆ ಅಂತ ತೋರಿಸಿದಳು. ಜನ ಎಲ್ಲ ಬಾಯಿ ಸೊಟ್ಟ ಮಾಡಿಕೊಂಡು ಟಕ್ ಟಕ್ ಅಂದರು. ಅತ್ತೆಯೂ ಹುರುಪಿನಿಂದ ನಾಲಿಗೆ ಒತ್ತಿ ಎಳೆದರು ನೋಡಿ, ಕಟ್ಟಿಸಿದ ಹಲ್ಲಿನ ಸೆಟ್ಟು ಪುಸಕ್ ಅಂತ ಅಂಗುಳದಿಂದ ಕಳಚಿ ಕೈಗೆ ಬಂತು. ಮತ್ತೊಮ್ಮೆ ಮಾಡಿದರು, ಮತ್ತೊಮ್ಮೆ ಬಂತು. ಜನ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು, ತಪ್ಪೇನು? ಅತ್ತೆ ಮುಖ ಊದಿಸಿಕೊಂಡು ಸಾಲಿನ ಹಿಂದಕ್ಕೆ ಹೋಗಿಬಿಟ್ಟರು.

ಹೋಗೋವಾಗ ಏನೂ ಆಗಲಿಲ್ಲ. ಬರೋವಾಗ, ಬಾವಿ ದಾಟಿದ ಮೇಲೆ, ಅಕ್ಕ ನಿಂತು ಟಕ್ ಟಕ್ ಅಂದಳು.

ಕಪ್ಪೆಗಳು ತಟ್ಟನೆ ನಿಂತವು.

…ಟ್ಳಕ್.

‘ಇವತ್ತಾದ್ರೂ ಅಣಕಿಸೋದು ಬಿಡಬಾರದಾ ಇವನು’ ಅಂತ ಹಲ್ಲು ಕಡಿದು ಮುಂದೆ ನಡೆದಳು. ಗೇಟಿನ ಹೊರಗೆ ದೀಪ ಇತ್ತು. ಸಾಹೇಬರು ಇದ್ದರು, ಚಹಾ ಇತ್ತು. ಜನ ಒಬ್ಬೊಬ್ಬರಾಗಿ ಆಚೆ ಬಂದು ಕೈ ಉಜ್ಜಿಕೊಳ್ತಾ ಲೋಟ ಹಿಡಿದರು. ಸಾಲು ಮುಗೀತು. ಅಕ್ಕ ಒಳಗಿನ ಕತ್ತಲಿಗೆ ಮುಖ ಮಾಡಿ ಟಕ್ ಟಕ್ ಅಂದಳು. ಎರಡು ಬರುತ್ತೆ, ಗೇಟು ಹಾಕೋಣ ಅಂತ.

…ಟ್ಳಕ್.

ಒಂದೇ.

“ಯಾಕಪ್ಪ, ಇನ್ನೂ ಯಾರಿದ್ದಾರೆ?” ಅಂತ ಗೊಣಗಿ ಪಕ್ಕಕ್ಕೆ ತಿರುಗಿದ್ರೆ… ಮೈದುನ ದೀಪದ ಕೆಳಗೆ ನಿಂತಿದ್ದಾನೆ. ಕೈಯಲ್ಲಿ ಅರ್ಧ ಕುಡಿದ ಚಹಾ. ಬಾಲ ಆದವನು ಎಲ್ಲರಿಗಿಂತ ಮುಂಚೆ ಬಂದು ಚಹಾ ಕುಡೀತಿದ್ದಾನೆ!

ಅಕ್ಕನ ತಲೆ ಎಷ್ಟು ಬೇಗ ಓಡಿತು ಅಂದ್ರೆ… ಓಹೋ, ಇದಾ ಸಮಾಚಾರ! ಇವನು ಹೊರಗೆ ನಿಂತಿದ್ದಾನೆ, ಅತ್ತೆ ಕಾಣ್ತಿಲ್ಲ. ಒಳಗೆ ಜೊಂಡಿನ ಮರೇಲಿ ಅತ್ತೆ ಕೂತು ಸದ್ದು ಮಾಡ್ತಿದ್ದಾರೆ. ನಾನು ಹುಡುಕಿಕೊಂಡು ಓಡಬೇಕು, ಇತ್ತ ಅವರು ಪಕ್ಕದ ದಾರೀಲಿ ಗೇಟಿಗೆ ಬಂದು “ನಾನು ಇಲ್ಲೇ ಇದ್ದೀನಲ್ಲ” ಅನ್ನಬೇಕು. ಸಾಹೇಬರ ಮುಂದೆ ನಾನು ಮಂಗ ಆಗಬೇಕು. ಆಡಿಸ್ತೀರಾ ನನ್ನನ್ನ? ಕೂತಿರಿ ಬೆಳಗಿನ ತನಕ!

ಸರಪಳಿ ಎಳೆದು ಸುತ್ತಿದಳು. ಝಲ್ ಅಂತು. ಬೀಗ ಹಾಕಿ ಕೀಲಿ ಅರ್ಧ ತಿರುಗಿಸಿದಳು.

…ಟ್ಳಕ್.

ಈ ಸಲ ಅವಳು ಕರೆದೇ ಇರಲಿಲ್ಲ.

ಹಿಂದೆ ಲೋಟ ಬಿದ್ದ ಸದ್ದು. ಮೈದುನನ ಕಾಲ ಮೇಲೆಲ್ಲ ಚಹಾ. ಅವನಿಗೆ ಅದರ ಪರಿವೆಯೇ ಇಲ್ಲ.

“ಅತ್ತಿಗೆ… ನಿಮಗೂ ಕೇಳಿಸ್ತಾ?”

“ಏನು ಆಕ್ಟಿಂಗಪ್ಪಾ ನಿಂದು. ಕರಿ ನಿಮ್ಮಮ್ಮನ್ನ, ಚಹಾ ಆರುತ್ತೆ.”

“ಅಮ್ಮ ಆ ಹೆಂಗಸರ ಜೊತೆ ಬಂದಿಲ್ವಾ?”

ಲೋಟ ಹಿಡಿದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. “ಅವರು ಮಗನ ಜೊತೆ ಬರ್ತೀನಿ ಅಂದ್ರಲ್ಲ…”

ಮೈದುನ ಅಲ್ಲೇ ಕುಸಿದು ಕೂತ. “ನಾನು ಪಕ್ಕದ ದಾರೀಲಿ ಕದ್ದು ಓಡಿ ಬರ್ತಿದ್ದುದು ಸೋಮಾರಿತನಕ್ಕಲ್ಲ ಅತ್ತಿಗೆ. ಬಾವಿ ಹತ್ರ ಬಂದ್ರೆ ನನ್ನ ಹಿಂದೆ ಯಾರೋ ಇರ್ತಾರೆ. ನಾನು ಉತ್ತರ ಕೊಡೋ ಮುಂಚೆ ಅವರೇ ಕೊಡ್ತಾರೆ. ಈ ಸೀಸನ್ನಲ್ಲಿ ಒಂದು ಸಲನೂ ಟಕ್ ಅಂದವನು ನಾನಲ್ಲ… ಅಮ್ಮಂಗೆ ಹೇಳಿದೆ. ನಾನೇ ಬಂದು ನೋಡ್ಕೋತೀನಿ ಅಂದ್ಲು.”

ಅಕ್ಕ ಇದನ್ನೂ ನಂಬಲಿಲ್ಲ, ನೋಡಿ. ಇದನ್ನೂ ತಾಯಿ ಮಗ ಕೂತು ಕಲಿತಿರಬೇಕು ಅಂದುಕೊಂಡಳು. ಕೀಲಿ ಇನ್ನೂ ಅವಳ ಬೆರಳಲ್ಲೇ ಇತ್ತು. ಇನ್ನರ್ಧ ತಿರುಗಿಸಿದ್ರೆ ಮುಗೀತು. ಆಗ ನೆನಪಾಯ್ತು ಅವಳಿಗೆ, ಸಂಜೆ ಎಲ್ಲರೂ ನಕ್ಕಿದ್ದು… ಹಲ್ಲಿನ ಸೆಟ್ಟು ಕೈಗೆ ಬಂದಿದ್ದು.

ಅತ್ತೆಗೆ ಟಕ್ ಅನ್ನೋಕೆ ಬರಲ್ಲ.

ಅಕ್ಕ ಕೀಲಿ ಹಿಂದಕ್ಕೆ ತಿರುಗಿಸಿದಳು. ಬೀಗ ಕಿತ್ತೆಸೆದು, ಟಾರ್ಚು ಹಿಡಿದು, ಮೈದುನನ ರಟ್ಟೆಗೆ ಕೈ ಹಾಕಿ ಎಬ್ಬಿಸಿದಳು. “ಏಳು. ನೀನು ನನ್ನ ಮುಂದೆ ನಡಿ.” ಸಾಹೇಬರು ಏನೋ ಕೂಗಿದರು. ಅವಳ ಕಿವಿಗೆ ಬೀಳಲಿಲ್ಲ. ಕೆಲಸ, ಗೈಡು, ಸೀಸನ್ ಒಂದೂ ತಲೇಲಿರಲಿಲ್ಲ. ‘ನಮ್ಮತ್ತೆ… ನಮ್ಮತ್ತೆ…’ ಅಂತಷ್ಟೇ.

ಟಕ್ ಟಕ್.

…ಟ್ಳಕ್. ಬಲಗಡೆಯಿಂದ, ದೂರ.

ಬಾಲ ಯಾವತ್ತೂ ಕೊನೆಯವರ ಹಿಂದೆ ಇರ್ತಾನೆ. ಅಂದ್ರೆ ಉಳಿದಿರೋರು ತನಗೂ ಆ ಸದ್ದಿಗೂ ನಡುವೆ ಎಲ್ಲೋ ಇರಬೇಕು. ಅಷ್ಟನ್ನೇ ನಂಬಿ ಅಕ್ಕ ಆ ಕಡೆ ನಡೆದಳು. ಸದ್ದು ಹತ್ತಿರ ಆಯ್ತು. ಬಾವಿ ಬಂತು. ಅದರ ಈಚೆಗೆ ಜೊಂಡು ಮುರಿದಿತ್ತು. ಟಾರ್ಚು ಬಿಟ್ಟರೆ ಅಲ್ಲಿ ಅತ್ತೆ… ಸೊಂಟದವರೆಗೆ ಕೆಸರು, ಎರಡೂ ಮುಷ್ಟಿಯಲ್ಲಿ ಜೊಂಡು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು.

ಇಬ್ಬರೂ ಮಲಗಿ, ಶಾಲು ಎಸೆದು, ಎಳೆದರು. ಕೆಸರು ಪಚಕ್… ಪಚಕ್… ಅಂತ ಬಿಡಲೊಲ್ಲದು. ಅಕ್ಕ ಎಳೀತಾ ಅಳ್ತಿದ್ದಳು. “ಕೈ ಬಿಡಬೇಡಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಬಿಡಬೇಡಿ.” ಕೊನೆಗೆ ದಡಕ್ಕೆ ಬಂದು ಬಿದ್ದ ಅತ್ತೆ ಉಸಿರು ತಗೊಂಡು ಮೊದಲು ಮಾಡಿದ್ದು ಬೈಯೋದು, ಅದೂ ಪಿಸುದನೀಲಿ.

“ಎಲ್ಲಿ ಹಾಳಾಗಿ ಹೋಗಿದ್ರೇ… ಯಾರು ಬರ್ತಾರೋ ನೋಡೋಣ ಅಂತ ನಿಂತೆ, ಹಿಂದೆ ಸದ್ದಾಯ್ತು, ತಿರುಗೋಷ್ಟರಲ್ಲಿ ಕಾಲು ಜಾರಿತು. ಇವನು ನೋಡು, ಅಷ್ಟು ಹೊತ್ತೂ ನನ್ನ ಬೆನ್ನ ಹಿಂದೇನೇ ನಿಂತು ಟ್ಳಕ್ ಟ್ಳಕ್ ಅಂತಿದ್ದನೇ ಹೊರತು ಒಂದು ಕೈ ಕೊಡಲಿಲ್ಲ!”

“ಯಾರಮ್ಮಾ?” ಅಂದ ಮೈದುನ.

“ನೀನೇ ಕಣೋ, ಇನ್ಯಾರು?”

ಅಕ್ಕ ಟಾರ್ಚು ಎತ್ತಿದಳು. ಅತ್ತೆಯ ಬೆನ್ನ ಹಿಂದೆ ಇದ್ದದ್ದು ಬಾವಿ. ಬಾಯಿಗೆ ಕಬ್ಬಿಣದ ಜಾಲರಿ. ಅದರಾಚೆ ಬರೀ ನೀರು. ಅತ್ತೆಯನ್ನ ನಡುವೆ ಹಿಡಿದುಕೊಂಡು ಗೇಟಿಗೆ ಬಂದರು.

ಆಮೇಲೆ ಏನೇನಾಯ್ತು ಅಂತ ಕೇಳಬೇಡಿ, ಎಲ್ಲ ಆಯ್ತು. ಸಾಹೇಬರು ಕೂಗಾಡಿದರು. ಅತ್ತೆ ಮುಂದೆ ಬಂದು, ಕೆಸರಲ್ಲೇ ನಿಂತು, “ಕತ್ತಲಲ್ಲಿ ಹುಡುಕಿಕೊಂಡು ಬಂದೋಳು ನನ್ನ ಸೊಸೆ. ಅವಳನ್ನ ತೆಗೀತೀನಿ ಅಂದ್ರೆ ಇಲ್ಲೇ ಕೂರ್ತೀನಿ,” ಅಂದರು. ಸಾಹೇಬರು ಅವಳನ್ನ ತೆಗೀಲಿಲ್ಲ, ನಡಿಗೆಯನ್ನೂ ನಿಲ್ಲಿಸಲಿಲ್ಲ. ಕೀಲಿ ಅರ್ಧ ತಿರುಗಿತ್ತು ಅನ್ನೋದನ್ನ ಅಕ್ಕ ಇವತ್ತಿಗೂ ಅತ್ತೆಗೆ ಹೇಳಿಲ್ಲ. ನನ್ನ ಹತ್ತಿರ ಹೇಳಿ ಅತ್ತಳು.

ಆದ್ರೆ ನಾನು ಹೇಳೋಕೆ ಹೊರಟಿದ್ದು ಅದಲ್ಲ. ಆ ರಾತ್ರಿ ಎಲ್ಲರೂ ಹೊರಗೆ ಬಂದ ಮೇಲೆ ಮನೆ ಮನೆಯವರನ್ನೂ ನಿಲ್ಲಿಸಿ ನೋಡಿದರು. ಒಬ್ಬರೂ ಕಮ್ಮಿ ಇರಲಿಲ್ಲ. ಆಗ ಅಕ್ಕ ಗೇಟಿನ ಕಂಬಿ ಹಿಡಿದು, ಮೆಲ್ಲಗೆ ಅಂದಳು… ಟಕ್ ಟಕ್. ಇನ್ನು ನೀನೂ ಬಂದುಬಿಡು ಬಾಲಣ್ಣ, ಎಲ್ಲರೂ ಬಂದಾಯ್ತು, ಅಂತ.

…ಟ್ಳಕ್.

ಕಾದಳು. ಸಾಹೇಬರೂ ಕಾದರು. ಇನ್ನೊಂದು ಬರಲಿಲ್ಲ.

ಅದಾಗಿ ಎಷ್ಟೋ ಸೀಸನ್ ಆಯ್ತು. ಈಗ ಮೈದುನ ಬಾಲ ಬಿಟ್ಟು ಅಲ್ಲಾಡಲ್ಲ, ಎರಡು ಟಕ್ ಸರಿಯಾಗಿ ಕೊಟ್ಟೇ ಆಚೆ ಬರ್ತಾನೆ. ಅವನು ಬಂದ ಮೇಲೂ ಬಾವಿ ಕಡೆಯಿಂದ ಒಂದು ಬರುತ್ತೆ. ಒಂದೇ. ನಂಬದೇ ಇದ್ರೆ ಬಿಡಿ, ನಾನೇ ಗೇಟಲ್ಲಿ ನಿಂತು ಕೇಳಿದ್ದೀನಿ, ಈ ಕಿವಿಯಾರೆ.

ಅಕ್ಕ ಈಗ ಆ ಗೇಟಿಗೆ ಬೀಗ ಹಾಕಲ್ಲ. ಉಳಿದಿರೋರು ಯಾರೇ ಆಗಲಿ ಬರಲಿ ಅಂತ, ಒಳಗಿನಿಂದಲೂ ತೆಗೆಯೋಕೆ ಬರೋ ಚಿಲಕ ಹಾಕಿಸಿದ್ದಾಳೆ, ಅಷ್ಟೇ ಹಾಕಿ ಬರ್ತಾಳೆ. ಬೆಳಿಗ್ಗೆ ಹೋಗಿ ನೋಡಿದ್ರೆ ಚಿಲಕ ಹಾಕಿದ ಹಾಗೇ ಇರುತ್ತೆ.