ಹೆಸರು ಕೇಳೂ ಪಾದ್ರಿ

ಕಡೀ ಎಸ್‌ಟಿ ಬಸ್ಸು ಇಳಿದಾಗ ರಾತ್ರಿ ಒಂಬತ್ತು ದಾಟಿತ್ತು. ಕುಂಭಾರಿ ಊರಿಗೆ ಕೊಟ್ಟ ನಮ್ಮ ಸೋದರಮಾವನ ಮಗಳು ಛಾಯಾ ಊರ ದಾರಿ ಒಡೆಯೂ ಫಾಟಾದಿಂದ ಒಬ್ಬಾಕಿನಽ ನಡಕೊಂಡು ಹೊಂಟಿದ್ಳು. ಹೋದ ವರ್ಷದ ಮಾತಿದು, ದೀಪಾವಳಿ ಮುಂದ.

ಸೊಲ್ಲಾಪುರದ ಹಳೇ ಚರ್ಚಿನ್ಯಾಗ ಆಕಿಗೆ ಕೆಲಸ. ಬ್ರಿಟಿಷರ ಕಾಲದ ಒಬ್ಬ ಇಂಗ್ಲಿಷ್ ಪಾದ್ರಿ ಬರೆದಿಟ್ಟ ವಹಿಗಳನ್ನ ಓದಿ ಕಂಪ್ಯೂಟರಿಗೆ ಹಾಕೂದು. ಪ್ಲೇಗಿನ ವರ್ಷ ಆ ಪಾದ್ರಿ ಕುದುರಿ ಮ್ಯಾಲೆ ಅಕ್ಕಲಕೋಟಿ ತನಕ ಅಡ್ಡಾಡಿ, ದಿಕ್ಕಿಲ್ಲದ ಹೆಣಗಳಿಗೆ ತಾನಽ ಮಣ್ಣು ಕೊಟ್ಟು, ಒಬ್ಬೊಬ್ಬರ ಹೆಸ್ರು ಬರದಿದ್ದ. ಒಂದು ಕಡೆ ಮಾತ್ರ ಹೆಸರಿನ ಜಾಗಾ ಖಾಲಿ. ಕೆಳಗ ಸಣ್ಣಗ ಇಂಗ್ಲಿಷಿನ್ಯಾಗ, 'ಕುಂಭಾರಿ ಬಾವಿ ಹತ್ತಿರ ಸಿಕ್ಕ ಐದಾರು ವರ್ಷದ ಹೆಣ್ಣುಕೂಸು. ಹೆಸರು ಯಾರೂ ಹೇಳಲಿಲ್ಲ.' ಮರುವರ್ಷ ಅದಽ ತಾರೀಖಿಗೆ, 'ಇನ್ನೂ ತಿಳಿದಿಲ್ಲ.' ಹನ್ನೊಂದು ವರ್ಷ ಹಂಗಽ ಬರದಾನ. ಆಮ್ಯಾಲೆ ಪಾದ್ರಿನೂ ತೀರಿಕೊಂಡ.

ಹಾದ್ಯಾಗ ಆಲದ ಗಿಡ ಬಂತು. ಅದರ ಕೆಳಗ ಆ ಹಾಳಬಾವಿ. ದಾಟೂ ಮುಂದ ಸಪ್ಪಳ...

ಕರ್... ಕರ್... ಒಣ ಕಾಗದದ ಮ್ಯಾಲೆ ಬರಿಯೂ ಟಾಕಿನ ಮೊನಿ ಎಳದಂಗ.

ನಿಂತ್ಳು. ಸಪ್ಪಳಾನೂ ನಿಂತಿತು.

"ಹೆಸರೇನು?"

ಪಿಸುಮಾತು. ಬಾವ್ಯಾಗಿಂದಲ್ಲ... ಕಿವಿ ಹತ್ರಿಂದ. ಮುದುಕನ ದನಿ, ಪುಸ್ತಕ ಓದಿ ಕಲಿತಾವನ ಕನ್ನಡ.

"ಛಾಯಾ..." ಅಂದುಬಿಟ್ಳು.

ಕರ್... ಕರ್... ಕರ್.

ಓಡಿದ್ಳು ನೋಡ್ರಿ, ಮನಿ ಬಾಗಲಾ ಸಿಗೂ ತನಕ.

ಮರುದಿನ ಚರ್ಚಿನ್ಯಾಗ ವಹಿ ತೆಗದ್ರ... ಖಾಲಿ ಜಾಗಾದಾಗ ಆಕಿ ಹೆಸ್ರು. ಪಾದ್ರಿಯ ಅದಽ ವಾಲಿದ ಇಂಗ್ಲಿಷ್ ಅಕ್ಷರ. ಸತ್ತವರ ನಡುವ.

ಸಂಜೀಕಽ ಜ್ವರ ಬಂತು. ಮೂರು ದಿನ ಇಳೀಲಿಲ್ಲ. ರಕ್ತ ತಪಾಸ ಮಾಡಿದ್ರು, ಏನೂ ಸಿಗಲಿಲ್ಲ. ಅತ್ತಿ ಸುಗಲಾಬಾಯಿ ಬೀರೋಬಾ ದೇವರ ಭಂಡಾರದ ಅರಿಷಿಣ ಹಣಿಗೆ ಹಚ್ಚಿ, "ಏನಾತವ್ವಾ, ಖರೇ ಹೇಳು" ಅಂದಾಗ ಛಾಯಾ ಎಲ್ಲಾ ಹೇಳಿದ್ಳು.

ಅತ್ತಿ ಅಂದ್ಳು, "ಹೆಸ್ರು ಕೊಟ್ಟಾಕಿ ನೀನು. ಇಸ್ಕೊಂಡು ಬರಾಕಿನೂ ನೀನಽ. ಏಳು, ನಾ ಬರ್ತೀನಿ."

ಅವತ್ತು ರಾತ್ರಿ ಛಾಯಾ ಅತ್ತಿ ಕೈ ಹಿಡಕೊಂಡು ಬಾವಿ ಹತ್ರ ನಿಂತ್ಳು.

"ಪಾದ್ರಿ ಸಾಹೇಬ್ರ... ಅದು ನನ್ನ ಹೆಸ್ರರಿ. ಆ ಕೂಸಿಂದಲ್ಲ."

ಕಿವಿ ಹತ್ರ ಅದಽ ದನಿ...

"ಹಾಗಾದರೆ ಮಗುವಿನ ಹೆಸರು?"

"ಯಾರಿಗೂ ಗೊತ್ತಿಲ್ಲರಿ. ನೀವು ಊರ ಮಂದೀನ ಕೇಳಿದ್ರಿ... ಒಮ್ಮೆ ಆ ಕೂಸನ್ನಽ ಕೇಳ್ರಿ."

ಗಿಡದ ಕೆಳಗ ಯಾರೋ ಬಿಕ್ಕಿದ್ರು. ಒಂದಽ ಸಲ. ಸುಗಲಾಬಾಯಿನೂ ಕೇಳ್ಯಾಳ.

ಮನಿಗೆ ಬರೂದ್ರಾಗ ಛಾಯಾನ ಜ್ವರ ಬಿಟ್ಟು ಮೈ ತಣ್ಣಗಾಗಿತ್ತು.

ಸುಳ್ಳಂತೀರಿ? ಮರುದಿನ ಆಕಿನ್ನ ಚರ್ಚಿಗೆ ಕರಕೊಂಡು ಹೋದಾಂವ ನಾನು. ಆಕಿ ಕೆಲಸಕ್ಕ ಹೋಗದ ಅಷ್ಟೂ ದಿನ ವಹಿ ಕಪಾಟಿನ್ಯಾಗ ಕೀಲಿ ಹಾಕಿ ಇತ್ತು. ನನ್ನ ಮುಂದಽ ತೆಗದ್ರು. ಛಾಯಾನ ಹೆಸ್ರಿನ ಮ್ಯಾಲೆ ಒಂದು ಅಡ್ಡಗೀಟು. ಅದರ ಬಾಜೂಕ ಕನ್ನಡ... ಇಡೀ ವಹ್ಯಾಗ ಅದೊಂದಽ ಕನ್ನಡ. ಈಗಽ ಬರಿಯಾಕ ಕಲಿತ ಕೂಸಿನ ಸೊಟ್ಟ ಅಕ್ಷರ.

'ನಿಂಗಿ.'

ಮ್ಯಾಲೆ ಬಟ್ಟು ಇಟ್ಟೆ. ಮಸಿ ಹತ್ತಿತು.