ಕ್ಲಚ್ ಇಲ್ಲದ ಗಾಡಿ

ಕಂದೀಲು ಸ್ವಲ್ಪ ಸಣ್ಣ ಮಾಡ್ರಿ... ಹಾಂ, ಅಷ್ಟು ಸಾಕು. ಮೊದಲ ಹೇಳಿಬಿಡತೇನಿ, ಇದು ಕಟ್ಟಿದ ಕತಿ ಅಲ್ಲ. ನಮ್ಮ ಚಿಗವ್ವನ ಮಗ ಲಗಮಣ್ಣಗ ಆದದ್ದು. ಅವಾ ಇನ್ನೂ ಅದಾನ, ಬಾಡಗಂಡಿಗೆ ಹೋದ್ರ ಸಿಗತಾನ. ಕೇಳಿದ್ರ ಬಾಯಿ ಬಿಡೂದಿಲ್ಲ. ಯಾಕ ಬಿಡೂದಿಲ್ಲ ಅಂತ ನಿಮಗ ಆಮ್ಯಾಲ ತಿಳೀತೈತಿ.

ಆ ರಾತ್ರಿ ಅವಾ ಬೀಳಗಿ ಕಡೆ ಗುಡ್ಡಾ ಇಳದು ಮನಿಗೆ ನಡಕೋತ ಬರಾಕತ್ತಿದ್ದ. ಒಬ್ಬನ. ಎಡಗಾಲು ಎಳಕೋತ... ಗುಡ್ಡದ ಬುಡಕ ಒಂದು ಹಾಳಬಾವಿ ಐತಿ, ಅದರ ಮ್ಯಾಲ ಬಾಗಿದ ಆಲದ ಗಿಡಾ. ಹಗಲೊತ್ತಿನ್ಯಾಗ ಸೈತ ಅಲ್ಲೆ ಯಾರೂ ಬೀಡಿ ಹಚ್ಚಾಕ ನಿಂದ್ರೂದಿಲ್ಲ. ಲಗಮಣ್ಣಗ ಮಾತ್ರ ಅವತ್ತ ಅಂಜಿಕಿ ಆಗಲಿಲ್ಲ. ಅಂಜಾಕ ಪುರಸೊತ್ತು ಎಲ್ಲಿತ್ತು? ಮೈಯೆಲ್ಲಾ ಸಿಟ್ಟು. ಗಾಡಿ ಮ್ಯಾಲ ಸಿಟ್ಟು, ಕಲ್ಲಿನ ಮ್ಯಾಲ ಸಿಟ್ಟು, ಎಲ್ಲಾಕ್ಕಿಂತ ಹೆಚ್ಚು ತನ್ನ ಕಾಲಿನ ಮ್ಯಾಲ ಸಿಟ್ಟು.

ಅದು ಯಾಕಂತ ಕೇಳ್ರಿ. ಅಣ್ಣಾಸಾಹೇಬ ಅಂತ ಒಬ್ಬ ಸಾವಕಾರ, ಗುಡ್ಡದ ಮ್ಯಾಲ ಅವಂದು ಕಲ್ಲಿನ ಖಣಿ. ಖಣಿಗೆ ಹೋಗಿ ಬರಾಕ ಮಿಲಿಟ್ರಿಯವರು ಮಾರಿದ ಹಳೇ ಜೀಪು ಇಟ್ಟಿದ್ದ. ಅದರ ಡ್ರೈವರ್ ನಮ್ಮ ಲಗಮಣ್ಣ. ಹೆಂಡತಿ ಸಿದ್ದಕ್ಕ, ಎರಡು ಹುಡುಗರು, ಎಲ್ಲಾರ ಹೊಟ್ಟಿ ಆ ನೌಕರಿ ಮ್ಯಾಲ. ಒಂದಿನ ಏನಾತು, ತಾನ ಹಾಲು ಕುಡಿಸಿ ಸಾಕಿದ ಟಗರು ಅವನ ಎಡಗಡೆ ಮೊಣಕಾಲಿಗೆ ಗುದ್ದಿ ಚಿಪ್ಪು ಒಡೀತು. ಮುಧೋಳಕ್ಕ ಕರಕೊಂಡು ಹೋಗಿ ಕಟ್ಟು ಹಾಕಿಸಿದ್ವಿ. ಎಲಬು ಕೂಡಿತು, ಬಲಾ ಕೂಡಲಿಲ್ಲ. ನಡ್ಯಾಕ ಬರತಿತ್ತು, ಒತ್ತಾಕ ಬರತಿರಲಿಲ್ಲ. ಕ್ಲಚ್ ಒತ್ತಾಕ ಎಡಗಾಲ ಬೇಕಲ್ಲ. ಅವನ ಬಾಳೇವು ಅಲ್ಲೇ ಬಂದು ಸಿಕ್ಕೊಂತು.

ಅದ ಹೊತ್ತಿಗೆ ಸಾವಕಾರ ಲಿಲಾವಿನ್ಯಾಗ ಸವಾಲು ಕೂಗಿ ಇನ್ನೊಂದು ಗಾಡಿ ಹಿಡದ. ಡ್ಯಾಮಿನ ಕೆಲಸಕ್ಕ ಬಂದಿದ್ದ ಪರದೇಶದ ಇಂಜಿನೀರು ಬಿಟ್ಟುಹೋದ ಜೀಪಿನಂಥ ಗಾಡಿ. ಆಟೋಮ್ಯಾಟಿಕ್. ಎರಡ ಪೆಡ್ಲು, ಎಕ್ಸಿಲೇಟರ್ ಒಂದು, ಬ್ರೇಕ್ ಒಂದು. ಕ್ಲಚ್ ಇಲ್ಲ. ಗೇರು ತಾನ ಬದಲಿ ಮಾಡಕೋತೈತಿ. ಅದನ್ನ ನೋಡಿ ಬಂದ ದಿನ ಲಗಮಣ್ಣ ಹೊಟ್ಟಿ ತುಂಬ ಉಂಡಾ ಅಂತ ಸಿದ್ದಕ್ಕ ಹೇಳತಿದ್ಲು.

ಆದ್ರ ಊರ ಮಂದಿ ಸುಮ್ಮನ ಇರತಾರೇನು? ಚಾದಂಗಡ್ಯಾಗ ದಿನಾ ಇದ ಮಾತು. ಟ್ರ್ಯಾಕ್ಟರ್ ಹೊಡ್ಯಾವ ಮುರಗೆಪ್ಪ ಅಂತಿದ್ದ, ಕಲ್ಲಿನ ಇಳಕಲದಾಗ ಮೊದಲನೇ ಗೇರಿಗೆ ಹಾಕಿಬಿಟ್ರ ಇಂಜಿನ್ನ ಗಾಡಿ ಹಿಡಕೋತೈತಿ, ಆಟೋಮ್ಯಾಟಿಕ್ ಜಾರತೈತಿ, ಬ್ರೇಕ್ ಸುಟ್ಟು ಹೋಗತಾವ ಅಂತ. ಲಗಮಣ್ಣ ಅಂತಿದ್ದ, ಏರಿನ್ಯಾಗ ಕ್ಲಚ್ ಬಿಡೂವಾಗ ಜೀಪು ಹಿಂದ ಸರೀತೈತಿ, ಗಾಲಿ ಕಲ್ಲಿಂದ ಕಲ್ಲಿಗೆ ಜಿಗೀತಾವ, ಇದಾದ್ರ ಬ್ರೇಕ್ ಬಿಟ್ರ ಸಾಕು, ಇರಿವಿ ಹಂಗ ಹತ್ತತೈತಿ ಅಂತ. ಇಬ್ಬರದೂ ಖರೇನ. ನನಗ ತಲಿ ಕೆಟ್ಟದ್ದು ಉಳದವರ ಮಾತಿಗೆ. ಸೈಕಲ್ ಹೊಡ್ಯಾಕ ಬರದವರೂ ಗೇರಿನ ಪಾಠಾ ಹೇಳಾಕ ನಿಂತಿದ್ರು. ಅವರ ಗದ್ದಲದಾಗ ಸಾವಕಾರನ ಕಿವಿ ತುಂಬಿತು.

ಸಾವಕಾರಗ ಮೊದಲ ಒಂದು ಸಂಶೆ ಇತ್ತು. ಹೊಸಾ ಗಾಡಿ ಆಶೇಕ್ಕ ಇವಾ ಕಾಲಿನ ನೆವಾ ಹೇಳತಾನೇನೋ ಅಂತ. ಎರಡರಾಗ ಒಂದನ್ನ ಮಾರಾವ ಇದ್ದ, ಕೊಳ್ಳಾಕ ರಬಕವಿ ಸೀರಿ ವ್ಯಾಪಾರಿ ಮರುದಿನ ಮುಂಜಾನೆ ಬರಾವ ಇದ್ದ. ಲಗಮಣ್ಣನ್ನ ಕರದು ಹೇಳಿದ:

"ಹೊಸಾದನ್ನ ಖಣಿಗೆ ಏರಿಸಿ ಇಳಿಸು. ನೀ ಒಬ್ಬನ. ಬೆಳಕ ಹರಿಯೂದ್ರಾಗ ನನ್ನ ಅಂಗಳದಾಗ ಇರಬೇಕು. ಇತ್ತಂದ್ರ ಅದನ್ನ ಇಟಕೋತೇನಿ, ನೀನೂ ಇರು. ಇಲ್ಲಂದ್ರ ಜೀಪು ಇರತೈತಿ, ಮುರಗೆಪ್ಪ ಹೊಡೀತಾನ."

ಖಣಿ ದಾರಿ ಅಂದ್ರ ದಾರಿ ಅಲ್ಲ ಅದು. ಹಾಸುಗಲ್ಲು, ಅದರ ಮ್ಯಾಲ ಗುಂಡುಗಲ್ಲು, ನಡುವ ಮೊಣಕಾಲುದ್ದ ಕಂದಕ. ಲಾರಿಗೆ ಆ ಕಡೀಂದ ಸುತ್ತಿನ ಹಾದಿ ಇತ್ತು, ಈ ಕಡೆ ಜೀಪು ಬಿಟ್ರ ಬ್ಯಾರೇದು ಹತ್ತತಿರಲಿಲ್ಲ. ಲಗಮಣ್ಣ ಮಧ್ಯಾಹ್ನ ಉಂಡು ಹೊಂಟ. ಏರು ಛಲೋ ಏರಿತು. ಎಲ್ಲೂ ಹಿಂದ ಸರೀಲಿಲ್ಲ, ಎಲ್ಲೂ ಜಿಗೀಲಿಲ್ಲ. ಖಣ್ಯಾಗ ಕಲ್ಲ ಒಡಿಯೂ ಮಂದಿ ಕೆಲಸಾ ಬಿಟ್ಟು ನೋಡಿದ್ರಂತ.

ಇಳೀವಾಗ ಕೆಟ್ಟಿತು. ಮುಂದಿನ ಗಾಲಿ ಒಂದು ಗುಂಡಿನ ಮ್ಯಾಲ ಹತ್ತಿ ಜಾರಿತು. ದಡಲ್... ಗಾಡಿ ಹೊಟ್ಟಿ ಕಲ್ಲಿನ ಮ್ಯಾಲ ಕುಂತುಬಿಡ್ತು. ಹಿಂದಿನ ಗಾಲಿ ಗಾಳ್ಯಾಗ ತಿರಗತಾವ, ನೆಲಾ ಸಿಗವಲ್ದು. ಜಾಕು ಹಚ್ಚಿದ್ರ ಜಾಕು ಜಾರತೈತಿ, ಕಲ್ಲು ತುರಕಿದ್ರ ಕಲ್ಲು ಪುಡಿ ಆಗತೈತಿ. ಖಣಿ ಮಂದಿನ್ನ ಕರಿಯೂ ಹಂಗಿಲ್ಲ, ಒಬ್ಬನ ಇಳಿಸು ಅಂದಾನ ಸಾವಕಾರ. ಹೊತ್ತು ಮುಣಗಿತು. ಇಂಜಿನ್ ಬಂದ್ ಬಿತ್ತು, ಅವಾ ಲೈಟ್ ಹಾಕ್ಕೊಂಡು ಒದ್ದಾಡಿದ, ಲೈಟೂ ಕೆಂಪಾಗಿ ಆರಿದ್ವು. ಚಾವಿ ತಿರುವಿದ... ಕಟ್. ಇನ್ನೊಮ್ಮಿ ತಿರುವಿದ... ಕಟ್. ಬ್ಯಾಟರಿ ಸತ್ತಿತ್ತು. ಗೇರಿನ ಗಾಡಿ ಆಗಿದ್ರ ಹೆಂಗರೆ ಎಬ್ಬಿಸಿ, ಇಳಕಲಕ್ಕ ಬಿಟ್ಟು, ಕ್ಲಚ್ ಬಿಟ್ಟು ಚಾಲೂ ಮಾಡಬಹುದಿತ್ತು. ಇದು ತಳ್ಳಿದ್ರ ಚಾಲೂ ಆಗೂ ಜಾತೀದಲ್ಲ. ಮುರಗೆಪ್ಪನ ಮಾರಿ ಕಣ್ಣ ಮುಂದ ಬಂದು ಅವಂಗ ಮತ್ತಿಷ್ಟು ಉರೀತು.

ಈಗ ಸ್ವಲ್ಪ ಲಕ್ಷ್ಯಗೊಟ್ಟು ಕೇಳ್ರಿ. ನಾವು ಕುರಿ ಮಂದಿ, ಬೀರಪ್ಪನ ಒಕ್ಕಲು. ನಮ್ಮ ಮನೆತನದಾಗ ಒಂದು ಪದ್ಧತಿ ಐತಿ. ರಾತ್ರಿ ಹಿಂಡು ಬಿಟ್ಟು ಎಲ್ಲೆರೆ ಹೋಗೂದಾದ್ರ ಮುಂದಿನ ಟಗರಿನ ಹಣಿಗೆ ಭಂಡಾರ, ಅಂದ್ರ ದೇವರ ಅರಿಷಿಣ, ಹಚ್ಚಿ, "ಬೀರಪ್ಪಾ, ಇದು ನಿನ್ನ ಕೈಯಾಗ" ಅಂತ ಹೇಳಿ ಹೋಗಬೇಕು. ಹೆಸರು ಹಿಡದು ಹೇಳಬೇಕು. ಯಾರ ಕೈಯಾಗ ಕೊಟ್ಟೇವಿ ಅನ್ನೂದು ಖಾತ್ರಿ ಬೇಕಲ್ಲ? ಲಗಮಣ್ಣ ಸೊಂಟದ ಚೀಲದಾಗಿನ ಭಂಡಾರ ತಗದು ಸ್ಟೇರಿಂಗಿಗೆ ಹಚ್ಚಿದ. ಇಲ್ಲೀತನಕ ಛಲೋ. ಆಮ್ಯಾಲ ಸಿಟ್ಟು ಬಾಯಿ ಕೆಡಿಸಿತು. ಹೆಸರು ಹಿಡೀಲಿಲ್ಲ.

"ಯಾರರೆ ಇದ್ರ ಬರ್ರೆಪಾ... ಇಳಿಸ್ರಿ ಇದನ್ನ ಕೆಳಗ" ಅಂದುಬಿಟ್ಟ.

ಯಾರರೆ ಅಂತ. ಆ ಹೊತ್ತಿನ್ಯಾಗ. ಆ ಜಾಗಾದಾಗ... ಅವಾ ಅಂದದ್ದು ಅವಂಗ ಮರುದಿನದ ತನಕಾ ನೆಪ್ಪೂ ಆಗಲಿಲ್ಲ. ಚಾವಿ ಅಂಗಿ ಕಿಸೇದಾಗ ಹಾಕ್ಕೊಂಡು ಇಳ್ಯಾಕ ಹತ್ತಿದ.

ಬಾವಿ ಹತ್ತರ ಬಂದಾಗ ಎದುರಿಗೆ ಒಂದು ಬೆಳಕು. ಸಿದ್ದಕ್ಕ. ಗಂಡ ಬರಲಿಲ್ಲಂತ ಕಂದೀಲು ಹಿಡಕೊಂಡು ಹುಡುಕ್ಕೋತ ಬಂದಿದ್ಲು. ಆಕಿ ಧೈರ್ಯಸ್ಥ ಹೆಣಮಗಳು. ಆದ್ರ ಆಲದ ಕೆಳಗ ಯಾರೂ ಧ್ವನಿ ಏರಿಸಿ ಮಾತಾಡೂದಿಲ್ಲ.

"ಗಾಡಿ ಎಲ್ಲೆ?" ಅಂದ್ಲು, ಪಿಸುಮಾತಿನ್ಯಾಗ.

"ಮ್ಯಾಲ ಸಿಕ್ಕೊಂಡೈತಿ. ಹೋತು ನೌಕರಿ."

ಆಕಿ ಗುಡ್ಡದ ಕಡೆ ಕಿವಿ ಮಾಡಿದ್ಲು.

"ಮತ್ತ ಅದು ಯಾರು?"

ಅವಾಗ ಅವಂಗೂ ಕೇಳಿಸಿತು. ಮೊದಲ ಒಂದು ಸಣ್ಣ ಕಲ್ಲು ಉಳ್ಳಿದ ಸಪ್ಪಳ. ಟಕ್... ಟಕ್ ಟಕ್... ಆಮ್ಯಾಲ ಏನೂ ಇಲ್ಲ. ಆಮ್ಯಾಲ ಇಂಜಿನ್ನು. ಸೆಲ್ಫ್ ತಿರುವಿದ ಸಪ್ಪಳಿಲ್ಲ, ಏನಿಲ್ಲ, ಒಮ್ಮಿಗೇ ಇಂಜಿನ್ನು. ಗುರ್ ಅಂತ ಇಳ್ಯಾಕ ಹತ್ತಿತು. ಅದರ ನಡುವ... ಕರ್ರ್... ಖಟ್.

"ಯಾರೋ ಗೇರ್ ಹಾಕಾಕತ್ತಾರ," ಅಂದ್ಲು ಸಿದ್ದಕ್ಕ. ಜೀಪಿನ್ಯಾಗ ಕುಂತು ಕುಂತು ಆಕೀಗೂ ಆ ಸಪ್ಪಳ ಗೊತ್ತಿತ್ತು.

"ಅದಕ್ಕ ಹಾಕೂ ಗೇರ್ ಇಲ್ಲ."

ಆಕಿ ಕಂದೀಲು ಊದಿ ಆರಿಸಿದ್ಲು. ಇಬ್ಬರೂ ಬಾವಿ ಕಟ್ಟಿ ಹಿಂದ ಕುಂತ್ರು.

ಗಾಡಿ ಬಂತು. ಲೈಟಿಲ್ಲ. ಕತ್ತಲದಾಗ ಕತ್ತಲಿನ ತುಣುಕು ಸರದಂಗ ಬಂತು. ಸಾವಕಾಶ, ಒಂದು ಕಲ್ಲೂ ಬಡೀದಂಗ. ಅಷ್ಟು ಚೊಕ್ಕ ಇಳಿಸೂದು ನನಗೂ ಬರತಿರಲಿಲ್ಲ ಅಂತ ಲಗಮಣ್ಣ ಒಮ್ಮಿ ನನ್ನ ಮುಂದ ಅಂದಿದ್ದ. ಹತ್ತರ ಬಂದಂಗ ಇನ್ನೊಂದು ಸಪ್ಪಳ ಕೇಳಿಸಿತು. ಧಪ್... ಧಪ್... ಬರಿಗಾಲು ಹಲಿಗಿ ಮ್ಯಾಲ ಬಿದ್ದಂಗ. ಒಂದೊಂದು ಧಪ್ಪಿನ ಬೆನ್ನಿಗೆ ಒಂದೊಂದು ಕರ್ರ್. ಬಾವಿ ದಾಟಿತು. ಊರ ಕಡೆ ತಿರುಗಿತು. ಲಗಮಣ್ಣ ಕಿಸೇದ ಮ್ಯಾಲ ಕೈ ಇಟಕೊಂಡ. ಚಾವಿ ಅಲ್ಲೇ ಇತ್ತು.

ಬೆಳಕ ಹರಿಯೂದಕ್ಕ ಮುಂಚೆ ಬಂದು ನನ್ನ ಎಬ್ಬಿಸಿದ. ಇಬ್ಬರೂ ಸಾವಕಾರನ ಅಂಗಳಕ್ಕ ಹೋದ್ವಿ. ಗಾಡಿ ಅಲ್ಲೆ ನಿಂತಿತ್ತು, ಮನಿ ಕಡೆ ಮಾರಿ ಮಾಡಿ, ಸ್ಟೇರಿಂಗಿಗೆ ಭಂಡಾರ ಹಂಗ ಇತ್ತು. ನನಗ ಮೊದಲ ಖುಷಿ ಆತು, ಸುಳ್ಳ್ಯಾಕ ಹೇಳಲಿ. ಯಾರರೆ ಇಳಿಸಲಿ, ನೌಕರಿ ಉಳೀತಲ್ಲ ಅಂದೆ ಮನಸಿನ್ಯಾಗ.

ಅಣ್ಣಾಸಾಹೇಬ ಹಲ್ಲಕಡ್ಡಿ ಬಾಯಾಗ ಇಟಕೊಂಡು ಗಾಡಿ ಬಾಗಲಾ ತಗದು ನಿಂತಿದ್ದ. ಮಾರಿ ಮ್ಯಾಲ ನಗಿ ಇರಲಿಲ್ಲ.

"ಎಡಗಾಲು ಒತ್ತಾಕ ಬರೂದಿಲ್ಲ ಅಂದಿದ್ದಿ," ಅಂದ. "ಇದು ಯಾರ ಕಾಲು?"

ಬಗ್ಗಿ ನೋಡಿದೆ. ಬ್ರೇಕಿನ ಎಡಗಡೆ, ಕ್ಲಚ್ ಇರಬೇಕಾದ ಜಾಗಾದಾಗ ಮ್ಯಾಟಿನ ಮ್ಯಾಲ ಕೆಂಪು ರಾಡಿ. ಎಡಗಾಲು. ಒಂದ ಸಲಾ ಅಲ್ಲ, ಒತ್ತಿದ ಜಾಗಾದಾಗ ಮತ್ತ ಮತ್ತ ಒತ್ತಿ ಮ್ಯಾಟ್ ತಗ್ಗು ಬಿದ್ದಿತ್ತು. ಬೆರಳು ಸೈತ ಎದ್ದು ಕಾಣತಿದ್ವು. ಅದು ಬ್ಯಾಸಗಿ ಮಾರಾಯ್ರ, ಗುಡ್ಡದಾಗ ಎಲ್ಲೂ ರಾಡಿ ಇರಲಿಲ್ಲ.

ಲಗಮಣ್ಣ ಏನಂತ ಹೇಳಬೇಕು? ಕಾಲು ನಂದ ಅಂದ್ರ ಕಾಲು ನೆಟ್ಟಗೈತಿ ಅಂತಾತು, ಜೀಪು ಹೊಡಿ ಅಂತಾನ. ನಂದಲ್ಲ ಅಂದ್ರ ಗಾಡಿ ಇಳಿಸಿದಾವ ನಾನಲ್ಲ ಅಂತಾತು, ಕರಾರು ಮುರೀತು. ನಾನು ಅವನ ಮಾರಿ ನೋಡಿದೆ. ಅವಾ ಖರೇನ ಹೇಳಿದ.

"ನಾ ಇಳಿಸಿಲ್ರಿ, ಸಾವಕಾರ್ರ."

"ಮತ್ತ ಯಾರು?"

"ಗೊತ್ತಿಲ್ರಿ."

ಸಾವಕಾರ ಹಲ್ಲಕಡ್ಡಿ ಒಗದ. ಕಾಲಿನ್ಯಾಗೂ ಸುಳ್ಳು, ಬಾಯಾಗೂ ಸುಳ್ಳು ಅಂದ. ಸಿದ್ದಕ್ಕ ಬಂದು ಕಂಡದ್ದೆಲ್ಲಾ ಹೇಳಿದ್ಲು, ಕೇಳಾಕ ಸೈತ ನಿಂದರಲಿಲ್ಲ. ನಾನೂ ಹೇಳಿದೆ, ಅವಾ ಚಪ್ಪಲಿ ಹಾಕ್ಕೊಂಡಿದ್ದ, ಇದು ಬರಿಗಾಲು ಅಂತ. ಬಿಚ್ಚಿರತಾನ ಹೋಗು ಅಂದ. ಹಿಂಗ ಅನ್ನಾವನ ಮುಂದ ಏನು ಹೇಳತೀರಿ? ಹೊತ್ತು ಏರೂದ್ರಾಗ ಸೀರಿ ವ್ಯಾಪಾರಿ ಬಂದು ಹೊಸಾ ಗಾಡಿ ಒಯ್ದ. ಸಾವಕಾರ ಜೀಪಿನ ಚಾವಿ ಲಗಮಣ್ಣನ ಕೈಯಾಗ ಇಟ್ಟು, ಹೊಡದು ತೋರಸು ಅಂದ. ಕ್ಲಚ್ ಅರ್ಧಕ್ಕ ಹೋಗಿ ಕಾಲು ಥರಥರ ನಡಗಿತು, ಜೀಪು ಜಿಗದು ದನದ ಕೊಟ್ಟಿಗಿ ಗ್ವಾಡಿ ಕೆಡವಿತು. ಬೇಕಂತ ಮಾಡಿದಿ ಅಂದ ಸಾವಕಾರ. ಅವತ್ತ ಸಂಜೀಕ ಜೀಪು ಮುರಗೆಪ್ಪನ ಕೈಗೆ ಹೋತು.

ಯಾವಾಗೋ ಖಣ್ಯಾಗ ಒಬ್ಬ ಲಾರಿ ಡ್ರೈವರ್ ಸತ್ತಿದ್ದಾ ಅಂತಾರ. ಅಂತಾರ, ಅಷ್ಟ. ನಾ ಕಂಡಿಲ್ಲ, ಕಾಣದ್ದನ್ನ ಹೇಳೂದಿಲ್ಲ. ಖರೇ ಹೇಳಿ ಸುಳ್ಳಗಾರ ಅನಿಸಿಕೊಂಡ ಲಗಮಣ್ಣ ಈಗ ಬಾಯಿ ಮುಚ್ಚಿಕೊಂಡು ಕಬ್ಬಿನ ತೋಟಾ ಕಾಯತಾನ. ಭಾಳ ದಿನ ಅವಂಗ ಒಂದ ಸಂಕಟ: ನಾ ಬೇಡಿದ್ದು ಇಳಿಸಾಕ, ಕಾಲಿನ ಗುರುತು ಬಿಡು ಅಂತ ಯಾರು ಹೇಳಿದ್ರು?

ಹೋದ ವರ್ಷ ನಾನು ತೇರದಾಳ ಬಸ್‌ಸ್ಟ್ಯಾಂಡಿನ್ಯಾಗ ಚಾ ಕುಡ್ಯಾಕ ನಿಂತಿದ್ದೆ. ಆ ಗಾಡಿ ಬಂದು ನಿಂತಿತು. ನೋಡಿದ ಕೂಡಲೇ ಗುರುತು ಹಿಡದೆ. ಈಗ ಅದನ್ನ ಹೊಡ್ಯಾವ ಗಿರಮಲ್ಲಪ್ಪ ಅಂತ, ರಬಕವಿಯವ, ಈ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ. ಗಾಡಿ ಹೆಂಗೈತಿ ಅಂತ ಕೇಳಿದೆ. ಛಲೋ ಐತ್ರಿ ಅಂದ, ಏರು ಇಳಕಲಾ ಎಲ್ಲಾ ಛಲೋ. ಒಂದ ತಿಳೀವಲ್ದು ಅಂದ.

"ಇದಕ್ಕ ಕ್ಲಚ್ ಇಲ್ರಿ. ನನ್ನ ಎಡಗಾಲು ಸೀಟಿನ ಬುಡಕ ಇರತೈತಿ. ಮತ್ತ ಎಡಗಡೆ ಮ್ಯಾಟ್ ಯಾಕ ಸವೀತೈತ್ರಿ?"

ಬಾಡಗಂಡಿಗೆ ಹೋಗಿ ಲಗಮಣ್ಣಗ ಹೇಳಿದೆ. ಅವಾ ಕಬ್ಬಿನ ಬದುವಿನ ಮ್ಯಾಲ ಕಾಲು ಚಾಚಿ ಕುಂತಿದ್ದ. ಎಡಗಡೆ ಮೊಣಕಾಲು ತಿಕ್ಕಿಕೊಂಡ. ಆಮ್ಯಾಲ, "ಹಂಗಾದ್ರ ಅವತ್ತ ಇಳಿಸಿದಾವನ ನೌಕರಿ ಇನ್ನೂ ಐತಿ," ಅಂದ.

ನಂಬೂದು ಬಿಡೂದು ನಿಮಗ ಬಿಟ್ಟದ್ದು. ಗಿರಮಲ್ಲಪ್ಪ ಬಾಗಲಾ ತಗದು ತೋರಿಸಿದಾಗ ನಾನ ಕೈಲೆ ಮುಟ್ಟಿ ನೋಡೇನಿ. ಹೊಸಾ ಮ್ಯಾಟು. ಎಡಗಡೆ ಹಿಮ್ಮಡಿ ಊರೂ ಜಾಗಾದಾಗ ಆರಪಾರ ತೂತು, ಅದರ ಅಂಚು ಹಸೀ ಇತ್ತು.