ಖಾಲಿ ಬಿಟ್ಟ ಕಾಲಂ

ಚುಚ್ಚುಮದ್ದಿಗೆಂದು, ಕಿರುಚುತ್ತಿದ್ದ ಮಗಳನ್ನು ಎತ್ತಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲೇ ಹೆರಿಗೆ ವಾರ್ಡಿನ ಸಿಸ್ಟರ್, ಲ್ಯಾಪ್‌ಟಾಪ್ ಹಿಡಿದಿದ್ದ ಸಾಫ್ಟ್‌ವೇರಿನವನನ್ನು ತರಾಟೆಗೆ ತೆಗೆದುಕೊಂಡಿದ್ದರು.

“ನಮ್ಮ ಹೊಸ ವಾರ್ಡನ್ನ ನಿಮ್ಮ ಕಂಪ್ಯೂಟರ್ ಯಾಕ್ರೀ ಸೇರಿಸಿಕೊಳ್ತಿಲ್ಲ?”

“ವಾರ್ಡ್ ಸೇರಿಸೋಕೆ ಅದರ ಇನ್‌ಚಾರ್ಜ್ ಸಿಸ್ಟರ್ ಬೇಕು, ಮೇಡಂ.”

“ನಾನೇ ಇನ್‌ಚಾರ್ಜ್. ಹಾಕಿ.”

“ನಿಮ್ಮನ್ನ ಸೇರಿಸೋಕೆ ನಿಮ್ಮ ವಾರ್ಡ್ ಬೇಕು. ಅದು ಡೇಟಾಬೇಸ್‌ನಲ್ಲಿ ಇನ್ನೂ ಇಲ್ಲ.”

“ಅಂದ್ರೆ ನಾನೂ ಇಲ್ಲ, ವಾರ್ಡೂ ಇಲ್ಲ. ಹಾಗಾದ್ರೆ ಹನ್ನೊಂದು ಜನ ಬಾಣಂತಿಯರು ಬೆಳಗ್ಗೆಯಿಂದ ಯಾರ ತಲೆ ತಿಂತಿದ್ದಾರೆ?”

“ಪ್ರೋಗ್ರಾಂನಲ್ಲಿ ಎರಡೂ ಕಡ್ಡಾಯ ಅಂತ ನಾನೇ ಬರೆದುಬಿಟ್ಟಿದ್ದೀನಿ.”

“ಮಗು ಹುಟ್ಟಿದ ತಕ್ಷಣ ರಿಜಿಸ್ಟರಲ್ಲಿ ಏನು ಬರೀತೀವಿ ಗೊತ್ತಾ? ಗಂಡೋ ಹೆಣ್ಣೋ, ತೂಕ ಎಷ್ಟು. ಹೆಸರಿನ ಕಾಲಂ ಖಾಲಿ. ಹೆಸರು ಇಡೋವರೆಗೂ ಒಳಗೇ ಇರು ಅಂತ ಮಗೂಗೆ ಹೇಳೋಕಾಗುತ್ತಾ?”

ಅವನು ತಲೆ ಕೆರೆದುಕೊಂಡ. “ಇನ್‌ಚಾರ್ಜ್ ಕಾಲಂ ಖಾಲಿ ಬಿಟ್ಟು ಮೊದಲು ವಾರ್ಡ್ ಸೇರಿಸ್ತೀನಿ. ಆಮೇಲೆ ನೀವು. ಕೊನೆಗೆ ವಾರ್ಡಿಗೆ ನಿಮ್ಮ ಹೆಸರು.”

“ಈಗ ದಾರಿಗೆ ಬಂದ್ರಿ.”

“ಆದ್ರೆ ಖಾಲಿ ಬಿಟ್ಟಿದ್ದನ್ನ ಯಾರೂ ತುಂಬದೇ ಹೋದ್ರೆ?”

ಸಿಸ್ಟರ್ ವಾರ್ಡಿನ ಕಡೆ ಹೊರಟವರು ನನ್ನತ್ತ ಕೈ ತೋರಿಸಿದರು.

“ಇವರನ್ನೇ ನೋಡಿ. ಮಗು ಹುಟ್ಟಿ ಮೂರು ತಿಂಗಳಾಯ್ತು, ಹೆಸರಿನ ಕಾಲಂ ಇನ್ನೂ ಖಾಲಿ. ಆ ಕೂಸು ಕಿರುಚೋದು ಏನಾದ್ರೂ ನಿಲ್ಲಿಸಿದೆಯಾ?”